ಆಡಿಟರ್ ಹಿಡಿದರು, ಸೇನೆ ಪಾಸ್ ಮಾಡಿತು: ಯುದ್ಧಕಾಲದ ಬಿಲ್‌ಗಳ ಬಗ್ಗೆ ಓದುಗರ ಪ್ರಶ್ನೆಗಳು

ಇರಾಕ್ ಮತ್ತು ಅಫ್ಘಾನಿಸ್ತಾನದ ಯುದ್ಧಗಳಲ್ಲಿ ಗುತ್ತಿಗೆ ಕಂಪನಿಗಳು ಅಮೆರಿಕದ ಸೇನೆಗೆ ಹಾಕಿದ ಬಿಲ್‌ಗಳ ಬಗ್ಗೆ ಬಂದ ಪತ್ರಗಳನ್ನು ಓದಿದರೆ, ಅವೇ ಆರೇಳು ಪ್ರಶ್ನೆಗಳು ವೇಷ ಬದಲಿಸಿಕೊಂಡು ಬರುತ್ತಿವೆ. ಎಲ್ಲದಕ್ಕೂ ಒಂದೇ ಅಳತೆಯ ಉತ್ತರ ಬರೆಯುವ ತಾಳ್ಮೆ ನನಗಿಲ್ಲ. ಗುತ್ತಿಗೆ ಎಂದರೇನು, ಆಡಿಟ್ ಎಂದರೇನು ಎಂದು ಕೇಳಿದವರ ಪತ್ರಗಳನ್ನು ಬದಿಗಿಟ್ಟಿದ್ದೇನೆ, ಬೇಸರ ಬೇಡ.

ಪ್ರಶ್ನೆ: ಪೆಂಟಗನ್ 435 ಡಾಲರ್ ಕೊಟ್ಟು ಒಂದು ಸುತ್ತಿಗೆ ಕೊಂಡಿತಂತೆ. ಲೂಟಿಗೆ ಇದಕ್ಕಿಂತ ಸಾಕ್ಷಿ ಬೇಕೆ?

ಬೇಕು. ಆ ಸುತ್ತಿಗೆ 1980ರ ದಶಕದ್ದು, ಯಾವ ಯುದ್ಧಕ್ಕೂ ಹೋದದ್ದಲ್ಲ. ನೌಕಾಪಡೆಗೆ ಮಾರಿದ ಬಿಡಿಭಾಗಗಳ ಪಟ್ಟಿಯಲ್ಲಿ ಕಂಪನಿಯು ಮೇಲ್ಖರ್ಚನ್ನು ಪ್ರತಿ ಬಾಬಿಗೂ ಸಮನಾಗಿ ಹಂಚಿತ್ತು. ದುಬಾರಿ ಯಂತ್ರಭಾಗಕ್ಕೆ ಬಿದ್ದಷ್ಟೇ ಹೊರೆ ಸುತ್ತಿಗೆಯ ಮೇಲೂ ಬಿತ್ತು. ಅದು ಪೆದ್ದು ಲೆಕ್ಕ, ಕಳ್ಳ ಲೆಕ್ಕವಲ್ಲ. ನಲವತ್ತು ವರ್ಷದಿಂದ ಭಾಷಣಕಾರರು ಇದನ್ನೇ ಬೀಸುತ್ತಿದ್ದಾರೆ. ಬೀಸಲೇಬೇಕೆಂದರೆ ಬೇರೆ ಉದಾಹರಣೆ ಇದೆ. ಇರಾಕ್ ಪುನರ್ನಿರ್ಮಾಣದ ವಿಶೇಷ ಇನ್‌ಸ್ಪೆಕ್ಟರ್ ಜನರಲ್ 2011ರಲ್ಲಿ ಕೊಟ್ಟ ವರದಿಯ ಪ್ರಕಾರ 7.05 ಡಾಲರ್ ಬೆಲೆಯ ಒಂದು ಕಂಟ್ರೋಲ್ ಸ್ವಿಚ್‌ಗೆ 900 ಡಾಲರ್ ಬಿಲ್ ಆಗಿತ್ತು. 1.41 ಡಾಲರಿನ ಪೈಪ್ ತುಂಡಿಗೆ 80 ಡಾಲರ್. ಗುತ್ತಿಗೆ ಪಡೆದ ಅನ್‌ಹಾಮ್ ಕಂಪನಿ ಆರೋಪವನ್ನು ಒಪ್ಪಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಪ್ರಶ್ನೆ: ಹೆಚ್ಚುವರಿ ಬಿಲ್ ಅನ್ನು ಸರ್ಕಾರದ ಆಡಿಟರ್‌ಗಳೇ ಹಿಡಿದ ಮೇಲೂ ಸೇನೆ ಹಣ ಕೊಟ್ಟಿದ್ದೇಕೆ? ಆಡಿಟರ್‌ಗಳೂ ಶಾಮೀಲಾಗಿದ್ದರೇ?

ಪ್ರಶ್ನೆಯ ಮೊದಲರ್ಧ ಚಿನ್ನ, ಎರಡನೆಯದು ಕಸ. ಆಡಿಟರ್‌ಗಳು ಶಾಮೀಲಾಗಿದ್ದರೆ ನಿಮಗೆ ಈ ಸುದ್ದಿಯೇ ಸಿಗುತ್ತಿರಲಿಲ್ಲ.

ಅಮೆರಿಕದ ರಕ್ಷಣಾ ಗುತ್ತಿಗೆಗಳ ಆಡಿಟ್ ಮಾಡುವುದು ಡಿಸಿಎಎ ಎಂಬ ಸಂಸ್ಥೆ, 1965ರಿಂದ ಇದೆ. ಅದರ ಆಡಿಟರ್ 'ಈ ಖರ್ಚು ಪ್ರಶ್ನಾರ್ಹ' ಎಂದು ಬರೆಯಬಹುದು. ಕೊನೆಯ ಮಾತು ಅವನದಲ್ಲ. ಕಂಪನಿಯ ಎದುರು ಕೂತು ಇಷ್ಟು ಕೊಡುತ್ತೇವೆ, ಇಷ್ಟು ಕೊಡುವುದಿಲ್ಲ ಎಂದು ತೀರ್ಮಾನಿಸುವವನು ಗುತ್ತಿಗೆ ಅಧಿಕಾರಿ, ಅಂದರೆ ಸೇವೆ ಬೇಕಾಗಿರುವ ಇಲಾಖೆಯದೇ ಮನುಷ್ಯ. ಇರಾಕಿನ ತೈಲ ವ್ಯವಸ್ಥೆಯನ್ನು ದುರಸ್ತಿ ಮಾಡಿ ಇಂಧನ ತಂದುಕೊಡುವ ಕೆಲಸ 2003ರಲ್ಲಿ ಟೆಂಡರ್ ಇಲ್ಲದೆ ಕೆಬಿಆರ್‌ಗೆ ಹೋಯಿತು. ಕೆಬಿಆರ್ ಆಗ ಹ್ಯಾಲಿಬರ್ಟನ್ ಎಂಬ ಅಮೆರಿಕದ ತೈಲಸೇವಾ ಕಂಪನಿಯ ಅಂಗಸಂಸ್ಥೆ. ಒಟ್ಟು ಸುಮಾರು 241 ಕೋಟಿ ಡಾಲರ್ ಕೆಲಸದಲ್ಲಿ ಆಡಿಟರ್‌ಗಳು 26.3 ಕೋಟಿಯನ್ನು ಪ್ರಶ್ನಿಸಿದರು. 2006ರಲ್ಲಿ ಸೇನೆ ಕೊನೆಗೆ ಹಿಡಿದಿಟ್ಟುಕೊಂಡದ್ದು 1 ಕೋಟಿ ಚಿಲ್ಲರೆ. ನೂರಕ್ಕೆ ನಾಲ್ಕೂ ಇಲ್ಲ.

ಇದರ ಒಳಗಿನ ಪೆಟ್ರೋಲ್ ಲೆಕ್ಕ ನೋಡಿ. ಕುವೈತಿನಿಂದ ತಂದ ಪೆಟ್ರೋಲಿಗೆ ಗ್ಯಾಲನ್‌ಗೆ 2.27 ಡಾಲರ್, ಟರ್ಕಿಯಿಂದ ತಂದದ್ದಕ್ಕೆ 1.18. ಈ ಅಂತರದ ಮೇಲೆಯೇ 6.1 ಕೋಟಿ ಡಾಲರ್ ಹೆಚ್ಚುವರಿ ಆಗಿರಬಹುದೆಂದು ಡಿಸಿಎಎ 2003ರ ಡಿಸೆಂಬರಿನಲ್ಲಿ ಹೇಳಿತು. ಅದೇ ತಿಂಗಳು, ಗುತ್ತಿಗೆ ಕೊಟ್ಟಿದ್ದ ಆರ್ಮಿ ಕೋರ್ ಆಫ್ ಎಂಜಿನಿಯರ್ಸ್, ಅಂದರೆ ಸೇನೆಯದೇ ಎಂಜಿನಿಯರಿಂಗ್ ವಿಭಾಗ, ಕುವೈತಿನ ಪೂರೈಕೆದಾರರ ಬೆಲೆಯ ವಿವರ ಒದಗಿಸುವುದರಿಂದ ಕಂಪನಿಗೆ ವಿನಾಯಿತಿ ಬರೆದುಕೊಟ್ಟಿತು. ಯುದ್ಧದ ಅವಸರದಲ್ಲಿ ಸಿಕ್ಕ ಕಡೆಯಿಂದ ತಂದೆವು ಎನ್ನುವುದು ಕಂಪನಿಯ ವಾದ. ಆ ವಾದವನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಆದರೆ ದಾಖಲೆ ಕೊಡಬೇಡಿ ಎಂದು ಕೊಳ್ಳುವವನೇ ಹೇಳಿದ ಮೇಲೆ ಆಡಿಟರ್ ಯಾವ ಕಾಗದ ಹಿಡಿದು ಕೂರಬೇಕು?

ಇನ್ನು ಓದುಗರು ಸಾಮಾನ್ಯವಾಗಿ ತಪ್ಪಾಗಿ ತಿಳಿದಿರುವ ಒಂದು ವಿಷಯ. 'ಕಾಸ್ಟ್ ಪ್ಲಸ್ ಗುತ್ತಿಗೆಯಲ್ಲಿ ಖರ್ಚು ಹೆಚ್ಚಿದಷ್ಟೂ ಲಾಭ' ಎಂದು ಎಲ್ಲರೂ ಬರೆಯುತ್ತಾರೆ. ಕಾಸ್ಟ್ ಪ್ಲಸ್ ಎಂದರೆ ಆದ ಖರ್ಚನ್ನು ತುಂಬಿಕೊಟ್ಟು ಮೇಲೊಂದು ಶುಲ್ಕ ಕೊಡುವ ಗುತ್ತಿಗೆ. ಖರ್ಚಿನ ಮೇಲೆ ನೇರ ಶೇಕಡಾ ಲಾಭ ಕೊಡುವುದನ್ನು ಅಮೆರಿಕದ ಕಾನೂನು ಎಂದೋ ನಿಷೇಧಿಸಿದೆ. ಸೇನೆಗೆ ಊಟ, ವಸತಿ, ಸಾಗಣೆ, ಬಟ್ಟೆ ಒಗೆತದವರೆಗೆ ಎಲ್ಲ ಸೇವೆ ಒದಗಿಸುವ ಲಾಗ್‌ಕ್ಯಾಪ್ ಗುತ್ತಿಗೆ 2001ರ ಡಿಸೆಂಬರಿನಲ್ಲಿ ಕೆಬಿಆರ್‌ಗೆ ಸಿಕ್ಕಾಗ, ಅದರ ಶುಲ್ಕ ಶೇ 1, ಜೊತೆಗೆ ಚೆನ್ನಾಗಿ ಕೆಲಸ ಮಾಡಿದರೆ ಶೇ 2ರವರೆಗೆ ಬಹುಮಾನ. ಈ ಶೇಕಡಾ ಲೆಕ್ಕ ಆದ ಖರ್ಚಿನ ಮೇಲಲ್ಲ, ಮೊದಲೇ ಒಪ್ಪಿಕೊಂಡ ಅಂದಾಜಿನ ಮೇಲೆ. ಕಾಗದದ ಮೇಲೆ ಸರಿಯಾಗಿಯೇ ಇದೆ. ಆದರೆ ಯುದ್ಧದಲ್ಲಿ ಕೆಲಸ ಮೊದಲು ಶುರು, ಅಂದಾಜಿನ ಚೌಕಾಸಿ ಆಮೇಲೆ. 180 ದಿನಗಳಲ್ಲಿ ಮುಗಿಯಬೇಕಾದ ಚೌಕಾಸಿ ಎಷ್ಟೋ ಕಾರ್ಯಾದೇಶಗಳಲ್ಲಿ ಎಳೆಯುತ್ತಲೇ ಹೋಯಿತು. ಖರ್ಚೆಲ್ಲ ಆದ ಮೇಲೆ ಕೂತು ಅಂದಾಜು ಬರೆದರೆ ಆ ಅಂದಾಜು ಎಷ್ಟಿರುತ್ತದೆ? ಆದ ಖರ್ಚಿನಷ್ಟೇ. ನಿಷೇಧಿಸಿದ್ದು ಹಿಂಬಾಗಿಲಿನಿಂದ ಒಳಗೆ ಬಂತು. ಯಾರೂ ಕಾನೂನು ಮುರಿಯಬೇಕಾಗಲಿಲ್ಲ, ತಡಮಾಡಿದರೆ ಸಾಕಾಯಿತು.

ಕುವೈತಿನ ಕ್ಯಾಂಪ್ ಅರಿಫ್‌ಜಾನ್‌ನ ಊಟದ ಲೆಕ್ಕ ಕೇಳಿ. 2003ರ ಜುಲೈನಲ್ಲಿ ಬಿಲ್ ಆದದ್ದು ದಿನಕ್ಕೆ ಸರಾಸರಿ 42,042 ಊಟ. ಬಡಿಸಿದ್ದು 14,053. ಮೂರರಲ್ಲಿ ಎರಡು ತಟ್ಟೆ ಕಾಗದದಲ್ಲಷ್ಟೇ ಇತ್ತು. ಇಷ್ಟು ಜನ ಬರುತ್ತಾರೆಂದು ಸೇನೆ ಹೇಳಿತ್ತು, ಅಷ್ಟಕ್ಕೆ ತಯಾರಿರಬೇಕಿತ್ತು ಎಂದು ಕಂಪನಿ ವಾದಿಸಿತು. ಪಡೆ ಇಂದು ಇದ್ದು ನಾಳೆ ಹೊರಟುಬಿಡುವ ಜಾಗದಲ್ಲಿ ಇದು ಅರ್ಧ ನಿಜ. ಉಳಿದರ್ಧ ಏನೆಂದರೆ, ಊಟದ ಹಾಲ್ ಬಾಗಿಲಲ್ಲಿ ತಲೆ ಎಣಿಸಿದ ಹಾಳೆಗಳಿದ್ದವು, ಬಿಲ್ ಮಾತ್ರ ಆ ಹಾಳೆಯಿಂದ ಹುಟ್ಟಲಿಲ್ಲ. ಎಲ್ಲ ಶಿಬಿರಗಳನ್ನೂ ಸೇರಿಸಿ ನಡೆದ ಊಟದ ಜಗಳ 2005ರಲ್ಲಿ ರಾಜಿಯಾಯಿತು, ಸೇನೆ ಸುಮಾರು 5.5 ಕೋಟಿ ಡಾಲರ್ ಮುರಿದುಕೊಂಡಿತು.

ಸ್ಥಳದಲ್ಲಿ ನಿಂತು ಕೆಲಸ ಆಗಿದೆ ಎಂದು ಸಹಿ ಹಾಕಬೇಕಾದವನು ಯಾರು? ಗುತ್ತಿಗೆ ಅಧಿಕಾರಿಯ ಪ್ರತಿನಿಧಿ. ಬಹಳ ಸಲ ಆತ ಬೇರೆ ಹುದ್ದೆಗೆಂದು ಬಂದ ಸೈನಿಕ. ಇದು ಅವನಿಗೆ ಹೆಚ್ಚುವರಿ ಕೆಲಸ, ಚುಟುಕು ತರಬೇತಿ, ವಿಷಯ ತಲೆಗೆ ಹತ್ತುವ ಹೊತ್ತಿಗೆ ವರ್ಗಾವಣೆ. ಸೇನೆಯೇ ನೇಮಿಸಿದ ಗಾನ್ಸ್‌ಲರ್ ಆಯೋಗ 2007ರಲ್ಲಿ ಇದನ್ನೆಲ್ಲ ಮುಲಾಜಿಲ್ಲದೆ ಬರೆದಿದೆ: ಗುತ್ತಿಗೆಗಳ ಹೊರೆ ಏರಿತು, ಅವನ್ನು ನೋಡಿಕೊಳ್ಳುವ ನುರಿತ ಕೈಗಳು ಕಡಿಮೆಯಾದವು.

ಈಗ ನಿಮ್ಮ ಪ್ರಶ್ನೆಯ ನಿಜವಾದ ಉತ್ತರ. ಚಾರ್ಲ್ಸ್ ಸ್ಮಿತ್ ಎಂಬವರು ಲಾಗ್‌ಕ್ಯಾಪ್ ಗುತ್ತಿಗೆಯ ಮೇಲ್ವಿಚಾರಣೆ ಮಾಡುತ್ತಿದ್ದ ಸೇನೆಯ ಸಿವಿಲಿಯನ್ ಅಧಿಕಾರಿ. 100 ಕೋಟಿ ಡಾಲರಿಗೂ ಹೆಚ್ಚಿನ ಖರ್ಚಿಗೆ ನಂಬುವಂಥ ದಾಖಲೆ ಇಲ್ಲವೆಂದು ಆಡಿಟರ್‌ಗಳು ಹೇಳಿದಾಗ, 2004ರಲ್ಲಿ ಅವರು ಪ್ರತಿ ಬಿಲ್‌ನಲ್ಲಿ ಶೇ 15 ತಡೆಹಿಡಿಯಲು ಹೊರಟರು. ನಿಯಮದಲ್ಲಿ ಅದಕ್ಕೆ ಅವಕಾಶವಿತ್ತು. ಅವರನ್ನು ಆ ಜಾಗದಿಂದ ಎತ್ತಿದರು. ಆಮೇಲೆ ಖರ್ಚುಗಳನ್ನು ಪರಿಶೀಲಿಸುವ ಕೆಲಸ ಇನ್ನೊಂದು ಖಾಸಗಿ ಕಂಪನಿಗೆ ಹೋಯಿತು. ಹೌದು, ಗುತ್ತಿಗೆದಾರನ ಲೆಕ್ಕ ನೋಡಲು ಗುತ್ತಿಗೆದಾರ. ಹಣ ತಡೆದರೆ ಸೈನಿಕರ ಊಟ-ವಸತಿಗೆ ಧಕ್ಕೆಯಾಗುತ್ತಿತ್ತು ಎಂಬುದು ಸೇನೆಯ ಸಮರ್ಥನೆ. ಹಾಗಿದ್ದರೆ ಹಿಡಿತ ಯಾರ ಕೈಯಲ್ಲಿತ್ತು ಎಂದು ನೀವೇ ನಿರ್ಧರಿಸಿ. ತೈಲದ ಗುತ್ತಿಗೆಯ ವಿಷಯದಲ್ಲಿ, ಟೆಂಡರ್ ಇಲ್ಲದೆ ಇಷ್ಟು ದೀರ್ಘ ಅವಧಿಗೆ ಕೊಡಬಾರದು ಎಂದು ಕಡತದ ಮೇಲೆ ಕೈಬರಹದಲ್ಲೇ ಆಕ್ಷೇಪ ಬರೆದ ಬನಟೀನ್ ಗ್ರೀನ್‌ಹೌಸ್ ಆರ್ಮಿ ಕೋರ್ ಆಫ್ ಎಂಜಿನಿಯರ್ಸ್‌ನ ಗುತ್ತಿಗೆ ವಿಭಾಗದ ಮುಖ್ಯಸ್ಥೆ. 2005ರಲ್ಲಿ ಅವರಿಗೆ ಹಿಂಬಡ್ತಿ. 2011ರಲ್ಲಿ ಸರ್ಕಾರ 9.7 ಲಕ್ಷ ಡಾಲರ್ ಕೊಟ್ಟು ಅವರೊಡನೆ ರಾಜಿ ಮಾಡಿಕೊಂಡಿತು.

ಆದ್ದರಿಂದ ಯಾವುದೇ ವರದಿ ಕೈಗೆ ಬಂದರೂ ನಾನು 'ಪ್ರಶ್ನಿಸಿದ ಮೊತ್ತ'ದ ಸಾಲಿನಲ್ಲಿ ನಿಲ್ಲುವುದಿಲ್ಲ. ತಡೆದದ್ದೆಷ್ಟು, ವಾಪಸ್ ಬಂದದ್ದೆಷ್ಟು, ಅದೂ ಯಾವ ವರ್ಷ ಎಂದು ಹುಡುಕುತ್ತೇನೆ. ರಕ್ಷಣಾ ಗುತ್ತಿಗೆಗಳ ತನಿಖೆಗೆಂದು ಸೆನೆಟರ್ ಹ್ಯಾರಿ ಟ್ರೂಮನ್ ಸಮಿತಿ 1941ರಲ್ಲಿ ಹುಟ್ಟಿದ್ದು 15,000 ಡಾಲರ್ ಬಜೆಟ್ಟಿನಲ್ಲಿ, ಅಮೆರಿಕ ಎರಡನೇ ಮಹಾಯುದ್ಧಕ್ಕೆ ಇಳಿಯುವ ಮೊದಲೇ. ಗುತ್ತಿಗೆ ನಡೆಯುತ್ತಿರುವಾಗಲೇ ಅದು ಪ್ರಶ್ನೆ ಕೇಳಿತು. ಇರಾಕ್-ಅಫ್ಘಾನಿಸ್ತಾನಕ್ಕಾಗಿ ನೇಮಿಸಿದ ಯುದ್ಧಕಾಲದ ಗುತ್ತಿಗೆ ಆಯೋಗ, ದುಂದು ಮತ್ತು ವಂಚನೆಯಲ್ಲಿ 3,100ರಿಂದ 6,000 ಕೋಟಿ ಡಾಲರ್ ಹೋಯಿತು ಎಂದು ಹೇಳಿದ್ದು 2011ರ ಆಗಸ್ಟ್‌ನಲ್ಲಿ. ಇರಾಕಿನಲ್ಲಿದ್ದ ಪಡೆಗಳು ಆಗ ಗಂಟುಮೂಟೆ ಕಟ್ಟುತ್ತಿದ್ದವು.

ಪ್ರಶ್ನೆ: ಎಲ್ಲವೂ ಡಿಕ್ ಚೆನಿಯ ಕೈವಾಡವಲ್ಲವೇ?

ಇರಾಕ್ ಯುದ್ಧ ಶುರುವಾದಾಗ ಅಮೆರಿಕದ ಉಪಾಧ್ಯಕ್ಷರಾಗಿದ್ದ ಅವರು 1995ರಿಂದ 2000ದವರೆಗೆ ಹ್ಯಾಲಿಬರ್ಟನ್ ಮುಖ್ಯಸ್ಥರಾಗಿದ್ದದ್ದು ನಿಜ. ಆದರೆ ಒಬ್ಬರ ಹೆಸರು ಹೇಳಿ ಕೈ ತೊಳೆದುಕೊಂಡರೆ ಮೇಲೆ ಬರೆದ ಒಂದು ಸಾಲೂ ನಿಮಗೆ ಅರ್ಥವಾಗುವುದಿಲ್ಲ.

ಪ್ರಶ್ನೆ: ನಿಗದಿತ ಬೆಲೆಯ ಗುತ್ತಿಗೆ ಕೊಟ್ಟರೆ ಮುಗಿಯಿತಲ್ಲ?

ಎಷ್ಟು ಜನ, ಎಲ್ಲಿ, ಎಷ್ಟು ದಿನ ಎಂದು ಸೇನೆಗೇ ಗೊತ್ತಿಲ್ಲದಾಗ ಕಂಪನಿ ತನ್ನ ಭಯವನ್ನೂ ಬೆಲೆಗೆ ಸೇರಿಸುತ್ತದೆ. ಮುಗಿಯುವುದಿಲ್ಲ.

ಪ್ರಶ್ನೆ: ಇರಾಕಿನಲ್ಲಿ 880 ಕೋಟಿ ಡಾಲರ್ ಅಮೆರಿಕದ ತೆರಿಗೆ ಹಣ ಕಳುವಾಯಿತಂತೆ?

ಒಂದೇ ವಾಕ್ಯದಲ್ಲಿ ಎರಡು ತಪ್ಪು. ಅದು ಇರಾಕಿನ ಅಭಿವೃದ್ಧಿ ನಿಧಿಯ, ಅಂದರೆ ಇರಾಕಿನವರದೇ ಹಣ. 2005ರ ವರದಿ ಹೇಳಿದ್ದು ಅದರ ಬಳಕೆಗೆ ಸರಿಯಾದ ಲೆಕ್ಕವಿಲ್ಲ ಎಂದು. ಲೆಕ್ಕವಿಲ್ಲದ್ದೆಲ್ಲ ಕಳುವಲ್ಲ, ಆದರೆ ಕಳುವಾದರೂ ಗೊತ್ತಾಗದಂಥ ಸ್ಥಿತಿ.

ಪ್ರಶ್ನೆ: ವಂಚನೆ ಹಿಡಿಯುವ ಸಾಫ್ಟ್‌ವೇರ್‌ಗಳು ಬಂದಿವೆ. ಇನ್ನು ಆಡಿಟರ್ ಯಾಕೆ?

ಈ ಮಾತನ್ನು ಹಬ್ಬಿಸುವವರು ಆ ಸಾಫ್ಟ್‌ವೇರ್ ಮಾರುವವರು. ಅಫ್ಘಾನಿಸ್ತಾನದ ಪಡೆಗಳಿಗೆ ಆಹಾರ ಪೂರೈಸುತ್ತಿದ್ದ ಸುಪ್ರೀಮ್ ಕಂಪನಿ ತನ್ನದೇ ಹಿಡಿತದ ಇನ್ನೊಂದು ಸಂಸ್ಥೆಯನ್ನು ಹೊರಗಿನ ವ್ಯಾಪಾರಿಯಂತೆ ನಡುವೆ ನಿಲ್ಲಿಸಿ ಬೆಲೆ ಏರಿಸಿತ್ತು. ಆ ಇನ್‌ವಾಯ್ಸ್‌ಗಳಲ್ಲಿ ಕೂಡು-ಕಳೆ ತಪ್ಪಿರಲಿಲ್ಲ, ಯಾವ ಯಂತ್ರವೂ ಕೆಂಪು ಗುರುತು ಹಾಕುತ್ತಿರಲಿಲ್ಲ. ಒಳಗಿದ್ದ ಮಾಜಿ ಅಧಿಕಾರಿಯೊಬ್ಬರು ದಾವೆ ಹೂಡಿದ್ದರು. 2014ರಲ್ಲಿ ಕಂಪನಿ ತಪ್ಪೊಪ್ಪಿಕೊಂಡು, ದಂಡ-ಪರಿಹಾರ ಎಲ್ಲ ಸೇರಿ 40 ಕೋಟಿ ಡಾಲರಿಗೂ ಹೆಚ್ಚು ತೆತ್ತಿತು.

ಪ್ರಶ್ನೆ: ಹಾಗೆ ಒಳಗಿನ ಮಾಹಿತಿ ಕೊಟ್ಟವರಿಗೆ ಕೋಟಿಗಟ್ಟಲೆ ಸಿಗುತ್ತದಂತಲ್ಲ, ನಿಜವೇ?

ಸಿಗಬಹುದು. ಅಂತರ್ಯುದ್ಧದ ಕಾಲದಲ್ಲಿ, 1863ರಲ್ಲಿ, ಸೇನೆಗೆ ಕಳಪೆ ಮಾಲು ತುರುಕುತ್ತಿದ್ದವರ ವಿರುದ್ಧ ಲಿಂಕನ್ ಸರ್ಕಾರ ತಂದ ಸುಳ್ಳು ಕ್ಲೇಮ್ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ಸರ್ಕಾರದ ಪರವಾಗಿ ಖಾಸಗಿ ವ್ಯಕ್ತಿಯೇ ದಾವೆ ಹೂಡಬಹುದು. ಸರ್ಕಾರ ಕೈಜೋಡಿಸಿದರೆ ವಸೂಲಾದದ್ದರಲ್ಲಿ ಶೇ 15ರಿಂದ 25, ಕೈಜೋಡಿಸದಿದ್ದರೆ ಶೇ 25ರಿಂದ 30 ಆತನ ಪಾಲು. 'ಆಡಿಟ್ ಕಲಿತು ಕೋಟ್ಯಧಿಪತಿಯಾಗಿ' ಎಂದು ಮೂರು ದಿನದ ಕೋರ್ಸ್ ಮಾರುವವರು ಇಲ್ಲಿಗೆ ನಿಲ್ಲಿಸುತ್ತಾರೆ. ಮುಂದಿನದನ್ನು ನಾನು ಹೇಳುತ್ತೇನೆ. ದಾವೆ ಮೊದಲು ಮುಚ್ಚಿದ ಲಕೋಟೆಯಲ್ಲಿ ಹೋಗುತ್ತದೆ, ಆ ಅವಧಿಯಲ್ಲಿ ಬಾಯಿ ಬಿಡುವಂತಿಲ್ಲ. ಅವಧಿ 60 ದಿನ ಎಂದು ಕಾಯ್ದೆ ಹೇಳಿದರೂ ಅದು ವರ್ಷಗಟ್ಟಲೆ ಬೆಳೆಯುವುದು ಮಾಮೂಲಿ. ಇರಾಕಿನ ಶಿಬಿರದಲ್ಲಿ ನೀರು ಶುದ್ಧೀಕರಣದ ಕೆಲಸಕ್ಕಿದ್ದ ಕಾರ್ಟರ್ ಎಂಬವರು, ಮಾಡದ ಕೆಲಸದ ಗಂಟೆಗಳಿಗೆ ಕೆಬಿಆರ್ ಬಿಲ್ ಹಾಕಿತು ಎಂದು ದೂರಿದರು. ಪ್ರಕರಣ 2015ರಲ್ಲಿ ಸುಪ್ರೀಂ ಕೋರ್ಟಿಗೂ ಹೋಗಿಬಂತು. ಕೊನೆಗೆ ಅದೇ ವಿಷಯದಲ್ಲಿ ಬೇರೊಬ್ಬರು ಮೊದಲೇ ದಾವೆ ಹಾಕಿದ್ದರೆಂಬ ಕಾರಣಕ್ಕೆ ವಜಾ ಆಯಿತು, 2017ರಲ್ಲಿ ಮೇಲ್ಮನವಿಯೂ ಬಿತ್ತು. ಸುಮಾರು ಒಂದು ದಶಕ ಕಳೆದರೂ ಆರೋಪ ನಿಜವೋ ಸುಳ್ಳೋ ಎಂಬ ವಿಚಾರಣೆ ನಡೆಯಲೇ ಇಲ್ಲ. ಇಷ್ಟು ಓದಿಯೂ ಹೋಗುವವರು, ಕಂಪನಿಯ ಕಾಗದ ಒಂದನ್ನೂ ಮನೆಗೆ ಒಯ್ಯುವ ಮೊದಲು ವಕೀಲರನ್ನು ನೋಡಿ. ಮೊದಲೇ ಯಾರಾದರೂ ದಾವೆ ಹಾಕಿದ್ದಾರೆಯೇ ಎಂದು ಅವರಿಂದಲೇ ವಿಚಾರಿಸಿ. ದಾವೆ ಲಕೋಟೆಯಲ್ಲಿದ್ದರೆ ಅವರಿಗೂ ಗೊತ್ತಾಗುವುದಿಲ್ಲ.