ಕಾಲೇಜಿನ ಹಳೇ ಬಂಗಲೆ ಯಾರದ್ದು?

ಪ್ರಶ್ನೆ: ನಮ್ಮ ಕಾಲೇಜಿನ ಸೈಕಲ್ ಸ್ಟ್ಯಾಂಡ್ ಹಿಂದೆ ಒಂದು ಹಳೇ ಹೆಂಚಿನ ಬಂಗಲೆ ಇದೆ. ಒಳಗೆ ಮುರಿದ ಬೆಂಚು, ಹಳೇ ಉತ್ತರ ಪತ್ರಿಕೆ ತುಂಬಿಟ್ಟಿದ್ದಾರೆ. ಎಲ್ಲರೂ ಅದನ್ನು ಬ್ರಿಟಿಷ್ ಕಲೆಕ್ಟರ್ ಬಂಗಲೆ ಅಂತಾರೆ. ಕೆಳಗೆ ಬಿದ್ದಿದ್ದ ಒಂದು ಹೆಂಚಿನ ಮೇಲೆ ಬಾಸೆಲ್ ಮಿಷನ್, 1865 ಅಂತ ಇತ್ತು. ಹಾಗಾದ್ರೆ ಮನೆ 1865ರದ್ದೇ ಅಲ್ವಾ? ಇದರ ಚರಿತ್ರೆ ಎಲ್ಲಿ ಸಿಗುತ್ತೆ?
– ಬಿ.ಎ. ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಅಲ್ಲಮ್ಮ. 1865 ಅನ್ನೋದು ಬಾಸೆಲ್ ಮಿಷನ್ ಅನ್ನೋ ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆಯವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಅದನ್ನು ಅಚ್ಚಿನಲ್ಲೇ ಕೆತ್ತಿದ್ದರು, ಹಾಗಾಗಿ ಎಷ್ಟೋ ವರ್ಷ ಆದಮೇಲೆ ಸುಟ್ಟ ಹೆಂಚಿನ ಮೇಲೂ ಅದೇ 1865 ಇರುತ್ತೆ. ಉಪ್ಪಿನಕಾಯಿ ಬಾಟಲಿ ಮೇಲೆ ಅಂಗಡಿ ಹುಟ್ಟಿದ ವರ್ಷ ಹಾಕಿರ್ತಾರಲ್ಲ, ಹಾಗೆ. ನಮ್ಮ ಕಡೆ ಎಷ್ಟು ಮನೆಗಳಿಗೆ ಈ ಹೆಂಚಿನಿಂದ ವಯಸ್ಸು ಜಾಸ್ತಿಯಾಗಿದೆಯೋ!

ವರ್ಷ ಬಿಟ್ಟು ಹೆಸರು ನೋಡಿ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಮಿಷನ್‌ನ ಕಾರ್ಖಾನೆಗಳನ್ನು ವಶಕ್ಕೆ ತಗೊಂಡಿತು, ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಅನ್ನೋ ಬ್ರಿಟಿಷ್ ಕಂಪನಿ ಕೈಗೆ ಹೋದವು. ಸೂರಿನ ಮೇಲೆ ಕಾಮನ್‌ವೆಲ್ತ್ ಹೆಸರಿನ ಹೆಂಚು ಸಿಕ್ಕರೆ ಅದು ಯುದ್ಧದ ನಂತರದ್ದು. ಆದರೂ ಹೆಂಚನ್ನೇ ನಂಬಿ ಕೂರಬೇಡಿ. ಒಡೆದ ಹೆಂಚು ಬದಲಾಯಿಸ್ತಾರೆ, ಬೇರೆಲ್ಲೋ ಕೆಡವಿದ ಮನೆಯ ಹೆಂಚು ತಂದು ಹೊದಿಸ್ತಾರೆ, ಇದೆಲ್ಲ ಮಾಮೂಲು.

ಬಂಗಲೆಯಲ್ಲಿ ತಾರಸಿ ಇರುವ ಕೋಣೆ ಒಂದಾದರೂ ಇದ್ದರೆ, ಬೆಂಚು ಸ್ವಲ್ಪ ಸರಿಸಿಕೊಂಡು, ಟಾರ್ಚ್ ಹಿಡಿದು ಮೇಲೆ ನೋಡಿ. ಕಬ್ಬಿಣದ ತೊಲೆಗಳ ನಡುವೆ ಇಟ್ಟಿಗೆಯನ್ನು ಸಣ್ಣ ಕಮಾನಿನ ಹಾಗೆ ಕಟ್ಟಿದ್ದಾರಾ? ಹಾಗಿದ್ದರೆ ತೊಲೆಯ ಪಕ್ಕದಲ್ಲಿ ಉಬ್ಬು ಅಕ್ಷರ ಇದೆಯಾ ಹುಡುಕಿ, ಸುಣ್ಣ ಬಳಿದು ಬಳಿದು ಮುಚ್ಚಿ ಹೋಗಿರುತ್ತೆ, ಬೆರಳಲ್ಲಿ ಸವರಿದರೆ ತಿಳಿಯುತ್ತೆ. ಡಾರ್ಮನ್ ಲಾಂಗ್ ಅಂತ ಇದ್ದರೆ ಇಂಗ್ಲೆಂಡಿನ ಉಕ್ಕು. ಟಾಟಾ ಅಂತ ಇದ್ದರೆ ಆ ಸೂರು 1912ಕ್ಕಿಂತ ಹಳೇದಾಗಿರೋಕೆ ಸಾಧ್ಯವೇ ಇಲ್ಲ, ಯಾಕಂದ್ರೆ ಟಾಟಾ ಕಾರ್ಖಾನೆಯಲ್ಲಿ ಉಕ್ಕು ತಯಾರಾಗಿದ್ದೇ ಆ ವರ್ಷ. ಸುಳ್ಳು ಹೇಳೋಕೆ ಬರದ ಸಾಕ್ಷಿ ಅಂದ್ರೆ ಇಂಥದ್ದು.

ಇನ್ನು ಕಲೆಕ್ಟರ್ ಕಥೆ. ಚಿತ್ರದುರ್ಗ ಇದ್ದದ್ದು ಮೈಸೂರು ಸಂಸ್ಥಾನದಲ್ಲಿ. 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ತಗೊಂಡರು, 1881ರಲ್ಲಿ ಚಾಮರಾಜ ಒಡೆಯರಿಗೆ ವಾಪಸ್ ಕೊಟ್ಟರು. ಆ 50 ವರ್ಷ ಇಲ್ಲಿ ಬಿಳಿ ಅಧಿಕಾರಿಗಳು ಇದ್ದದ್ದು ನಿಜ, ಆದರೆ ಅವರು ಮೊದಲು ಸೂಪರಿಂಟೆಂಡೆಂಟ್, ಆಮೇಲೆ ಡೆಪ್ಯೂಟಿ ಕಮಿಷನರ್. ಕಲೆಕ್ಟರ್ ಬೇಕಿದ್ದರೆ ಹರಿಹರದ ಹೊಳೆ ದಾಟಿ ರಾಣೆಬೆನ್ನೂರಿಗೆ ಹೋಗಬೇಕಿತ್ತು, ಅದು ಬೊಂಬಾಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಇಲ್ಲಾಂದ್ರೆ ಹರಪನಹಳ್ಳಿಗೆ, ಅದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ನಿಮ್ಮ ಬಂಗಲೆಯ ತೊಲೆ ಮೇಲೆ ಟಾಟಾ ಹೆಸರು ಸಿಕ್ಕಿತು ಅಂದರೆ, ಆ ಸೂರು ಸ್ವಾತಂತ್ರ್ಯಕ್ಕೆ ಮುಂಚಿನದ್ದೇ ಆದರೂ ಅದನ್ನು ಹಾಕುವಾಗ ಇಲ್ಲಿ ಆಳುತ್ತಿದ್ದವರು ನಮ್ಮದೇ ಮಹಾರಾಜರು. ಅದರಿಂದ ಮನೆಯ ಬೆಲೆ ಏನೂ ಕಡಿಮೆ ಆಗೋದಿಲ್ಲ. ಬಿಳಿ ದೊರೆ ಇದ್ದ ಅಂದ್ರೆ ಮಾತ್ರ ಚರಿತ್ರೆ, ಮೈಸೂರು ಸರ್ಕಾರದ ಇಂಜಿನಿಯರ್ ಇದ್ದ ಅಂದ್ರೆ ಹಳೇ ಮನೆ ಅನ್ನೋ ಬುದ್ಧಿ ನಮಗೆ ಯಾಕೋ ಗೊತ್ತಿಲ್ಲ.

ಅದು ವಾಸದ ಮನೆಯೇ ಆಗಿತ್ತು ಅಂತಲೂ ಈಗಲೇ ತೀರ್ಮಾನ ಮಾಡಬೇಡಿ. ಧಾರವಾಡದ ಕರ್ನಾಟಕ ಕಾಲೇಜಿನ ಹಳೇ ಕಟ್ಟಡ ಮೊದಲು ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿ. ನಮ್ಮ ದಾವಣಗೆರೆ ಮೇಲೆ ರೈಲು ಓಡಿಸಿದ್ದೂ ಅದೇ ಕಂಪನಿ.

ಕಾಗದಪತ್ರಕ್ಕೆ ಮೊದಲು ನಿಮ್ಮ ಕಾಲೇಜು ಆಫೀಸಿಗೇ ಹೋಗಿ. ಜಾಗ ಮಂಜೂರಾದ ಆದೇಶ ಕೇಳಿ, ಅದಕ್ಕೂ ಮುಂಚೆ ಕಟ್ಟಡ ಯಾವ ಇಲಾಖೆ ಹೆಸರಲ್ಲಿತ್ತು ಅನ್ನೋದು ಅದರಲ್ಲಿ ಸಿಗಬಹುದು. ಆಮೇಲೆ ಪಿಡಬ್ಲ್ಯೂಡಿಯಲ್ಲಿ ಹಳೇ ಕಟ್ಟಡಗಳ ರಿಜಿಸ್ಟರ್, ಸರ್ವೆ ಆಫೀಸಿನಲ್ಲಿ ಹಳೇ ನಕ್ಷೆ ಕೇಳಿ. ಇಷ್ಟಕ್ಕೂ ಸಿಗದಿದ್ದರೆ ಬೆಂಗಳೂರಿನ ವಿಧಾನಸೌಧದಲ್ಲಿ ರಾಜ್ಯ ಪತ್ರಾಗಾರ ಇದೆ. ಅಲ್ಲಿ ಇಂಗ್ಲಿಷ್ ಕಡತ ಹುಡುಕುವಾಗ ಆಗಿನ ಕಾಲದ ಕಾಗುಣಿತದಲ್ಲಿ, ಅಂದ್ರೆ ಚಿತಲ್‌ದ್ರುಗ್ ಅಂತ ಹುಡುಕಿ, ಈಗಿನ ಹೆಸರಲ್ಲಿ ಹುಡುಕಿದರೆ ಬರಿಗೈಯಲ್ಲಿ ಬರ್ತೀರಿ.

ಪ್ರಶ್ನೆ: ನಮ್ಮ ಕಾಲೇಜಲ್ಲೂ ಇಂಥ ಒಂದು ಮನೆ ಇದೆ. ಗೋಡೆ ಗಾರೆ ಉದುರುತ್ತಿದೆ, ಸಿಮೆಂಟ್ ಪ್ಲಾಸ್ಟರ್ ಮಾಡಿಸೋಣ ಅಂತಿದ್ದಾರೆ. ನೂರು ವರ್ಷ ದಾಟಿದ್ದರೆ ಸರ್ಕಾರವೇ ಕಾಪಾಡುತ್ತಂತೆ, ಹೌದಾ?
– ಉಪನ್ಯಾಸಕರು, ದಾವಣಗೆರೆ

ಉತ್ತರ: ಇಲ್ಲ ಸಾರ್. ವಯಸ್ಸಾಯಿತು ಅಂತ ತಾನಾಗೇ ರಕ್ಷಣೆ ಸಿಗೋದಿಲ್ಲ, ಸರ್ಕಾರ ಸಂರಕ್ಷಿತ ಸ್ಮಾರಕ ಅಂತ ಅಧಿಸೂಚನೆ ಹೊರಡಿಸಬೇಕು. ಸಿಮೆಂಟ್ ಮಾತ್ರ ಬೇಡವೇ ಬೇಡ. ಸುಣ್ಣದ ಗಾರೆಯ ಗೋಡೆ ನೆಲದಿಂದ ತೇವ ಎಳೆದುಕೊಂಡು ಹೊರಗೆ ಬಿಡುತ್ತೆ. ಸಿಮೆಂಟ್ ಹಾಕಿದರೆ ಆ ತೇವ ಒಳಗೇ ನಿಂತು ಇಟ್ಟಿಗೆಯನ್ನೇ ಪುಡಿ ಮಾಡುತ್ತೆ. ಗಾರೆ ಕೆಲಸ ಬಲ್ಲ ಹಳೇ ಮೇಸ್ತ್ರಿಯನ್ನು ಹುಡುಕಿ, ಸುಣ್ಣದಲ್ಲೇ ಮಾಡಿಸಿ. ಅದಕ್ಕೂ ಮುಂಚೆ ಸೋರುವ ಹೆಂಚು ಸರಿ ಮಾಡಿಸಿ.