ವಿಮಾನ ಎಂಜಿನ್ ವಿನ್ಯಾಸದಲ್ಲಿ ಇಂಧನ ಉಳಿತಾಯವೊಂದೇ ಸಾಲದೇ?

ಇಂಧನ ಕಡಿಮೆ ಕುಡಿಯುವ ಎಂಜಿನ್ ಮಾಡಿದರೆ ಸಾಲದೇ, ಅದರ ಇಡೀ ಆಯುಷ್ಯದ ವೆಚ್ಚವನ್ನು ನಕ್ಷೆ ಬರೆಯುವಾಗಲೇ ಏಕೆ ಲೆಕ್ಕ ಹಾಕಬೇಕು ಎಂದು ಕೇಳಿದ್ದೀರಿ. ನಾನು ಎಂಜಿನ್‌ಗಳನ್ನು ಬಿಚ್ಚಿ ಜೋಡಿಸುವ ಕಡೆ ಕೆಲಸ ಮಾಡಿದವನು. ಇಂಧನದ ಉಳಿತಾಯ ಮೊದಲ ಹಾರಾಟದಲ್ಲೇ ಕಾಣುತ್ತದೆ. ನಕ್ಷೆಯಲ್ಲಿ ಹುದುಗಿದ ದುರಸ್ತಿಯ ಖರ್ಚು ಎಂಜಿನ್ ನಮ್ಮ ಕೈಗೆ ಬಂದ ಮೇಲಷ್ಟೇ ಹೊರಬೀಳುತ್ತದೆ.

ಡಿಸ್ಕ್‌ಗಳನ್ನೇ ತೆಗೆದುಕೊಳ್ಳಿ. ಬ್ಲೇಡ್‌ಗಳನ್ನು ಹಿಡಿದಿಡುವ ಈ ತಟ್ಟೆ ಒಡೆದರೆ ಹೊರಕವಚ ಅದನ್ನು ತಡೆಯಲಾರದು. ಆದ್ದರಿಂದ ನಿಗದಿತ ಹಾರಾಟಗಳು ಮುಗಿದ ಮೇಲೆ, ಕಣ್ಣಿಗೆ ಎಷ್ಟೇ ಚೆನ್ನಾಗಿ ಕಂಡರೂ, ಅದನ್ನು ತೆಗೆದುಹಾಕಲೇಬೇಕು. ಒಂದು ಡಿಸ್ಕಿನ ಮಿತಿ 15,000 ಹಾರಾಟ, ಪಕ್ಕದ್ದಕ್ಕೆ 20,000 ಎಂದುಕೊಳ್ಳಿ. ಮೊದಲನೆಯದಕ್ಕಾಗಿ ಬಿಚ್ಚಿದಾಗ ಎರಡನೆಯದನ್ನು ಏನು ಮಾಡುವುದು? ಉಳಿಸಿಕೊಂಡರೆ 5,000 ಹಾರಾಟಗಳಲ್ಲೇ ಮತ್ತೆ ಬಿಚ್ಚಬೇಕು. ಬದಲಿಸಿದರೆ ಅಷ್ಟು ಆಯುಷ್ಯ ಗುಜರಿಗೆ ಹೋಗುತ್ತದೆ. ಈ ಎರಡು ಅಂಕಿಗಳನ್ನು ಹೊಂದಿಸಲು ವಿನ್ಯಾಸದ ಮೇಜಿನ ಮೇಲೆ ಸಾಧ್ಯ, ನಮ್ಮ ಮೇಜಿನ ಮೇಲೆ ಅಲ್ಲ.

ಎ320ನಿಯೋ ವಿಮಾನದ ಪ್ರ್ಯಾಟ್ ಅಂಡ್ ವಿಟ್ನಿ ಗೇರ್ಡ್ ಟರ್ಬೋಫ್ಯಾನ್ ಎಂಜಿನ್ ಈ ದೃಷ್ಟಿಯಿಂದ ನನಗೆ ಬಹಳ ಮೆಚ್ಚಿಗೆಯಾದ ವಿನ್ಯಾಸ. ಮುಂಭಾಗದ ಫ್ಯಾನ್ ಮತ್ತು ಅದನ್ನು ತಿರುಗಿಸುವ ಟರ್ಬೈನ್ ನಡುವೆ ಗೇರ್ ಇರುವುದರಿಂದ ಎರಡೂ ತಮಗೊಪ್ಪುವ ವೇಗದಲ್ಲಿ ತಿರುಗುತ್ತವೆ. ಹಳೆಯ ವಿ2500 ಎಂಜಿನ್‌ನ ಕಡಿಮೆ ಒತ್ತಡದ ಟರ್ಬೈನ್‌ನಲ್ಲಿ 5 ಹಂತಗಳಿದ್ದರೆ (ಒಂದೊಂದು ಹಂತಕ್ಕೂ ತಿರುಗುವ ಬ್ಲೇಡ್‌ಗಳ ಒಂದು ಸಾಲು) ಇದರಲ್ಲಿ 3 ಸಾಕು. ಹಂತ ಕಡಿಮೆಯಾದಷ್ಟೂ ಮುಂದೆ ಬದಲಿಸಬೇಕಾದ ಬ್ಲೇಡ್‌ಗಳೂ ಕಡಿಮೆ. ಆದರೆ 2015ರ ಕೊನೆಯಿಂದ 2021ರವರೆಗೆ ತಯಾರಾದ ಡಿಸ್ಕ್‌ಗಳ ಲೋಹದ ಪುಡಿಯಲ್ಲಿ ಕಲ್ಮಶ ಸೇರಿರಬಹುದೆಂದು 2023ರಲ್ಲಿ ಪ್ರಕಟವಾಯಿತು. ಪರೀಕ್ಷೆಗೆ ಎಂಜಿನ್ ಇಳಿಸಿ ಒಳಗರ್ಭದವರೆಗೆ ಬಿಚ್ಚಬೇಕು. 2024ರ ಆರಂಭದಲ್ಲಿ ಇಂಡಿಗೋ ಒಂದರದ್ದೇ 70ಕ್ಕೂ ಹೆಚ್ಚು ವಿಮಾನಗಳು ನೆಲದಲ್ಲಿ ನಿಂತಿದ್ದವು. ದೋಷ ತಯಾರಿಕೆಯದು, ನಿಜ. ಆದರೂ ಅದನ್ನು ತಲುಪಲು ಎಷ್ಟು ಭಾಗ ಕಳಚಬೇಕು ಎಂಬುದನ್ನು ತೀರ್ಮಾನಿಸಿದ್ದು ವಿನ್ಯಾಸವೇ.

ಡಿಸ್ಕ್ ಮತ್ತು ಬ್ಲೇಡ್‌ಗಳನ್ನು ಒಂದೇ ತುಂಡಾಗಿ ಮಾಡುವ ಬ್ಲಿಸ್ಕ್‌ನ ಕಥೆಯೂ ಹೀಗೆಯೇ. ತೂಕ ಇಳಿಯುತ್ತದೆ. ಆದರೆ ಕಲ್ಲು ಬಡಿದು ಒಂದು ಬ್ಲೇಡ್ ಉಜ್ಜಿ ಸರಿಪಡಿಸಲಾಗದಷ್ಟು ಜಖಂ ಆದರೆ ಇಡೀ ಬ್ಲಿಸ್ಕ್ ಹೊರಹೋಗಬೇಕಾಗಬಹುದು.

1962ರಲ್ಲಿ ಬ್ರಿಸ್ಟಲ್ ಸಿಡ್ಲಿ ಕಂಪನಿ ವೈಪರ್ ಎಂಜಿನ್‌ಗೆ, ಹಾರಿದ ಗಂಟೆಗೆ ಇಷ್ಟು ಎಂದು ನಿರ್ವಹಣಾ ಶುಲ್ಕ ಪಡೆಯಲು ಆರಂಭಿಸಿತು. ಅಂಥ ಒಪ್ಪಂದದಲ್ಲಿ ದುರಸ್ತಿಯ ಖರ್ಚು ತಯಾರಕರ ತಲೆಗೇ ಬರುತ್ತದೆ. ಅದಕ್ಕೆ ನೀವೇ ಸಹಿ ಹಾಕಿದ್ದೀರಿ ಎಂದುಕೊಂಡು ನಿಮ್ಮ ನಕ್ಷೆಯನ್ನು ನೋಡಿ. ಎಂಜಿನ್ ಬಿಚ್ಚದೆ ಒಳಗೆ ಇಣುಕಿ ನೋಡುವ ಸಾಧನವಾದ ಬೋರ್‌ಸ್ಕೋಪ್ ತೂರಿಸುವ ರಂಧ್ರಗಳು ಎಲ್ಲಿರಬೇಕು ಎಂಬ ಪ್ರಶ್ನೆ ಆಗ ತಾನಾಗಿ ಬರುತ್ತದೆ.