ಹಳೇ ಟೌನ್ ಹೌಸ್ ಅಂಗಡಿ ಆದ್ಮೇಲೆ ಒಳಗೆ ಮನೆ ಅಂತ ಏನಾದ್ರೂ ಉಳಿದಿರತ್ತಾ?

ನೀವು ಕೇಳಿರೋದು, ಯುರೋಪಿನ ಕಡೆ ಪೇಟೆ ಮಧ್ಯದ ಹಳೇ ಮಹಡಿ ಮನೆಗಳು, ಅಂದ್ರೆ ಟೌನ್ ಹೌಸ್‌ಗಳನ್ನ ಅಂಗಡಿ ಮಾಡ್ತಾರಲ್ಲ, ಅದ್ರಿಂದ ವಾಸ್ತುಶಿಲ್ಪ ಹಾಳಾಗಲ್ವಾ, ಒಳಗಡೆ ಏನಾದ್ರೂ ಉಳಿದಿರತ್ತಾ ಅಂತ. ನಾನು ಹಳೇ ಕಟ್ಟಡಗಳ ಸ್ಟ್ರಕ್ಚರ್ ಕೆಲಸ ಮಾಡೋನು, ನನಗನ್ಸೋದು ಜನ ಬೇಜಾರು ಮಾಡ್ಕೊಳೋದೇ ತಪ್ಪು ವಿಷಯಕ್ಕೆ. ಕೆಳಗಡೆ ದೊಡ್ಡ ಗಾಜು ಹಾಕಿ ಬೋರ್ಡ್ ತಗುಲಿಸಿದ್ರೆ ಅಯ್ಯೋ ಅಂತಾರೆ, ಆದ್ರೆ ಮನೆ ನಿಜವಾಗ್ಲೂ ಸಾಯೋದು ಎರಡು ಮನೆ ಮಧ್ಯದ ಗೋಡೆ ಒಡೆದು ಒಂದೇ ಹಾಲ್ ಮಾಡ್ದಾಗ.

ಯಾಕೆ ಅಂದ್ರೆ ಲಂಡನ್, ಇಂಗ್ಲೆಂಡಿನ ಬಾತ್ ಊರು, ಐರ್ಲೆಂಡಿನ ಡಬ್ಲಿನ್ ಕಡೆಯ 18ನೇ ಶತಮಾನದ ಸಾಲುಮನೆ ನೋಡಿ, ಅಗಲ ಕಮ್ಮಿ, ಉದ್ದ ಜಾಸ್ತಿ, ಸಾಮಾನ್ಯವಾಗಿ ಒಂದೊಂದು ಮಹಡಿಗೆ ಮುಂದೊಂದು ಹಿಂದೊಂದು ರೂಮು, ಪಕ್ಕದಲ್ಲಿ ಮೆಟ್ಟಿಲು, ಎರಡೂ ಕಡೆ ನೆರೆಮನೆ ಜೊತೆ ಹಂಚ್ಕೊಂಡಿರೋ ಗೋಡೆ, ಆ ಗೋಡೆಯೊಳಗೇ ಬೆಂಕಿಗೂಡು ಚಿಮಣಿ ಎಲ್ಲಾ. 1666ರಲ್ಲಿ ಊರನ್ನೇ ಸುಟ್ಟ ದೊಡ್ಡ ಬೆಂಕಿ ಆದ್ಮೇಲೆ ಲಂಡನ್‌ನವರು ಈ ಹಂಚಿಕೆ ಗೋಡೆ ಬಗ್ಗೆ ಎಷ್ಟು ತಲೆ ಕೆಡಿಸ್ಕೊಂಡ್ರು ಅಂದ್ರೆ 1774ರ ಕಾಯ್ದೆಯಲ್ಲಿ ಮನೆಗಳನ್ನ ನಾಲ್ಕು ದರ್ಜೆ ಮಾಡಿ ದರ್ಜೆಗೆ ತಕ್ಕಂಗೆ ಗೋಡೆ ದಪ್ಪ ಇಷ್ಟಿರ್ಬೇಕು ಅಂತ ಬರೆದುಬಿಟ್ರು. ಕಿಟಕಿಗಳಲ್ಲೂ ಒಂದು ಲೆಕ್ಕ ಇದೆ. ಮೊದಲನೇ ಮಹಡಿದು ಎತ್ತರ, ಯಾಕಂದ್ರೆ ದೊಡ್ಡೋರು ಬಂದ್ರೆ ಕೂರ್ಸೋದು ಅಲ್ಲೇ, ಮೇಲೆ ಹೋಗ್ತಾ ಹೋಗ್ತಾ ಚಿಕ್ಕದಾಗತ್ತೆ, ತುದೀಲಿ ಕೆಲಸದೋರ ರೂಮು.

ಅಂಗಡಿ ಮಾಡೋರು ಮೊದಲು ಕೈ ಹಾಕೋದು ಕೆಳಗಿನ ಮುಂಗೋಡೆಗೆ. ಅದನ್ನ ತೆಗೆದು ಅಡ್ಡಕ್ಕೆ ಒಂದು ದಪ್ಪ ಮರದ ತೊಲೆ ಕೊಡ್ತಿದ್ರು, ಮೇಲಿನ ಇಟ್ಟಿಗೆ ಗೋಡೆ ಪೂರ್ತಿ ಅದರ ಮೇಲೆ. ತೊಲೆ ಬಗ್ಗಿದ್ರೆ ಮೇಲಿನ ಕಿಟಕಿಗಳ ಸುತ್ತ ಬಿರುಕು. ಬ್ರಿಟನ್ನಿನಲ್ಲಿ 1845ಕ್ಕೆ ಗಾಜಿನ ಮೇಲಿನ ಸುಂಕ ತೆಗೆದ್ಮೇಲೆ ದೊಡ್ಡ ಗಾಜು ಅಗ್ಗ ಆಯ್ತು, ಚಿಕ್ಕ ಚಿಕ್ಕ ಚೌಕದ ಅಂಗಡಿ ಕಿಟಕಿ ಹೋಯ್ತು. ಆಮೇಲೆ ಬಂದ ಆ ಅಂಗಡಿ ಮುಖಗಳಿಗೇ ಈಗ ನೂರೈವತ್ತು ವರ್ಷ ಆಗಿ ಎಷ್ಟೋ ಕಡೆ ಅವನ್ನೂ ಕಾಪಾಡ್ತಾರೆ. ಬಾತ್‌ನ ಮಿಲ್ಸಮ್ ಸ್ಟ್ರೀಟ್ 1760ರ ದಶಕದಲ್ಲಿ ದೊಡ್ಡೋರ ಮನೆಗಳ ಬೀದಿಯಾಗಿ ಶುರುವಾಗಿದ್ದು, ಈಗ ಪೂರ್ತಿ ಅಂಗಡಿ ಬೀದಿ, ಆದ್ರೂ ಎದುರು ಫುಟ್‌ಪಾತ್‌ನಲ್ಲಿ ನಿಂತು ತಲೆ ಎತ್ತಿದ್ರೆ ಮೇಲೆ ಮನೆಗಳೇ ಕಾಣೋದು.

ಇನ್ನು ನನ್ನ ತಲೆನೋವು, ಲೋಡು, ಅಂದ್ರೆ ನೆಲ ಹೊರಬೇಕಾದ ಭಾರ. ಬ್ರಿಟನ್ ಲೆಕ್ಕದಲ್ಲಿ ಮನೆ ನೆಲಕ್ಕೆ ಚದರ ಮೀಟರಿಗೆ 1.5 ಕಿಲೋನ್ಯೂಟನ್ (ಒಂದು ಅಂದ್ರೆ ಸುಮಾರು ನೂರು ಕೆಜಿ ಭಾರ) ಹಿಡಿದ್ರೆ ಅಂಗಡಿಗೆ 4 ಹಿಡೀಬೇಕು, ಅಂದ್ರೆ ಎರಡೂವರೆ ಪಟ್ಟಿಗಿಂತ ಜಾಸ್ತಿ. ಕೆಳಗಿಂದ ಬಲ ಕೊಡೋಣ ಅಂದ್ರೆ ಹೂವು ಬಳ್ಳಿ ಪ್ಲಾಸ್ಟರಿನ ಸೀಲಿಂಗ್ ಇರತ್ತೆ, ಅದನ್ನ ಮುಟ್ಟಂಗಿಲ್ಲ. ಹಾಗಾಗಿ ಮೇಲಿಂದ ಹಲಗೆ ಒಂದೊಂದಾಗಿ ನಂಬರ್ ಹಾಕಿ ಎತ್ತಿ, ಹಳೇ ಜಂತೆಗಳ ಪಕ್ಕ ಸ್ಟೀಲ್ ಕೂರಿಸಿ, ಅದೇ ಹಲಗೆ ವಾಪಸ್ ಹಾಕೋದು. ನಿಧಾನದ ಕೆಲಸ, ಬಾಡಿಗೆಗೆ ಬರೋ ಅಂಗಡಿಯೋರಿಗೆ ಒಂಚೂರೂ ತಾಳ್ಮೆ ಇರಲ್ಲ. ಭಾರದ ಸಾಮಾನು ಕೆಳಗಿಟ್ಟು ಬಟ್ಟೆ ಗಿಟ್ಟೆ ಮೇಲಿಡಿ ಅಂದ್ರೆ ಅರ್ಧ ಕಥೆ ಮುಗಿಯತ್ತೆ, ಆದ್ರೆ ಅದನ್ನ ಯಾರೂ ಕೇಳಲ್ಲ. ಮೆಟ್ಟಿಲಿಂದೂ ಪೇಚಾಟವೇ, ಇರೋದು ಒಂದೇ, ಬೆಂಕಿ ಬಿದ್ರೆ ಓಡಿ ಬರೋಕೂ ಅದೇ ದಾರಿ.

ಚೆನ್ನಾಗಿ ಮಾಡಿದ್ದು ನೋಡ್ಬೇಕು ಅಂದ್ರೆ ಡಬ್ಲಿನ್‌ನ ಪವರ್ಸ್‌ಕೋರ್ಟ್ ಟೌನ್‌ಹೌಸ್. 1771ರಿಂದ 74ರೊಳಗೆ ವೈಕೌಂಟ್ ಪವರ್ಸ್‌ಕೋರ್ಟ್‌ಗೆ ರಾಬರ್ಟ್ ಮ್ಯಾಕ್ ಕಟ್ಟಿದ ಮನೆ, ಒಳಗೆ ಮೈಕಲ್ ಸ್ಟೇಪಲ್ಟನ್ ಪ್ಲಾಸ್ಟರ್ ಕೆಲಸ. 1807ರಲ್ಲಿ ಸರ್ಕಾರ ತಗೊಂಡು ಸ್ಟಾಂಪ್ ಆಫೀಸ್ ಮಾಡ್ತು, ಹಿಂದಿನ ಅಂಗಳದ ಸುತ್ತ ಫ್ರಾನ್ಸಿಸ್ ಜಾನ್ಸ್ಟನ್ ಕಟ್ಟಡ ಸೇರಿಸಿದ, ಆಮೇಲೆ ಬಟ್ಟೆ ಹೋಲ್‌ಸೇಲ್‌ನೋರ ಕೈಗೆ ಹೋಯ್ತು, ಕೊನೆಗೆ 1981ರಲ್ಲಿ ಶಾಪಿಂಗ್ ಸೆಂಟರ್. ಅಂಗಡಿಗಳಿಗೆ ಬೇಕಾಗಿದ್ದ ದೊಡ್ಡ ಜಾಗ ಮನೆ ಗೋಡೆ ಒಡೆದು ಹುಟ್ಟಿಸ್ಲಿಲ್ಲ, ಆಗ್ಲೇ ಇದ್ದ ಅಂಗಳಕ್ಕೆ ಗಾಜಿನ ಚಾವಣಿ ಹಾಕಿದ್ರು ಅಷ್ಟೇ, ಮುಂದಿನ ಮನೆ ರೂಮು ರೂಮಾಗೇ ಉಳೀತು. ಇಷ್ಟು ಸರಳ ಬುದ್ಧಿ ಬೇರೆ ಕಡೆ ಯಾಕೆ ಬರಲ್ವೋ.

ಕೆಲವು ವ್ಯಾಪಾರಕ್ಕೆ ದೊಡ್ಡ ಹಾಲೇ ಬೇಡ. ನ್ಯೂಯಾರ್ಕ್‌ನ ಫಿಫ್ತ್ ಅವೆನ್ಯೂನಲ್ಲಿ 1905ರಲ್ಲಿ ಮುಗಿದ ಮಾರ್ಟನ್ ಪ್ಲಾಂಟ್ ಅನ್ನೋ ಶ್ರೀಮಂತನ ಮನೇನ 1917ರಲ್ಲಿ ಒಡವೆ ಕಂಪನಿ ಕಾರ್ಟಿಯೇ ತಗೊಂಡಿದ್ದು ಎರಡೆಳೆ ಮುತ್ತಿನ ಹಾರ ಮತ್ತೆ 100 ಡಾಲರ್‌ಗೆ (ಹಾರದ ಬೆಲೆ ಆಗ ಹತ್ತು ಲಕ್ಷ ಡಾಲರ್ ಅಂತಿದ್ರು, ಚಿಪ್ಪು ಸಾಕಿ ಬೆಳೆಸೋ ಕೃಷಿ ಮುತ್ತು ಬಂದ್ಮೇಲೆ ಬಿದ್ದೋಯ್ತು, ಮನೆ ಬೆಲೆ ಏರ್ತಾನೇ ಹೋಯ್ತು). ಒಡವೆ ತೋರ್ಸೋಕೆ ಚಿಕ್ಕ ರೂಮುಗಳೇ ಅನುಕೂಲ.

ನೀವು ಇಂಥ ಅಂಗಡಿಗೆ ಹೋದಾಗ ಸೀಲಿಂಗ್ ಅಂಚಿನ ಪ್ಲಾಸ್ಟರ್ ಪಟ್ಟಿ ನೋಡಿ, ನಾಲ್ಕೂ ಕಡೆ ಸುತ್ತಿ ಬಂದ್ರೆ ರೂಮು ಹಂಗೇ ಇದೆ, ನಡುವೆ ಕಟ್ ಆಗಿದ್ರೆ ಅಲ್ಲೊಂದು ಗೋಡೆ ಇತ್ತು. ಅಂಗಡಿ ಮಧ್ಯ ಕಾರಣ ಇಲ್ದೆ ಒಂದು ಮೆಟ್ಟಿಲೋ ಇಳಿಜಾರೋ ಸಿಕ್ರೆ ನೀವು ಪಕ್ಕದ ಮನೆಗೆ ದಾಟಿದ್ರಿ ಅಂತ ಲೆಕ್ಕ. ಮುಂದೆ ಯಾವತ್ತಾದ್ರೂ ಇಂಗ್ಲೆಂಡಲ್ಲಿ ಇಂಥದ್ದು ಬಾಡಿಗೆಗೆ ತಗೊಳೋ ಯೋಚನೆ ಇದ್ರೆ, ಲಿಸ್ಟೆಡ್ (ಸರ್ಕಾರದ ರಕ್ಷಿತ ಕಟ್ಟಡಗಳ ಪಟ್ಟಿಲಿರೋದು) ಅಂದ್ರೆ ಮುಂಭಾಗ ಮಾತ್ರ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ, ಒಳಗಿನ ಮೆಟ್ಟಿಲು, ಬಾಗಿಲು, ಬೆಂಕಿಗೂಡು ಎಲ್ಲಾ ಸಾಮಾನ್ಯವಾಗಿ ಅದರಲ್ಲೇ ಬರತ್ತೆ.